ಬಾಂದ್ರಾದ ಶಿಲುಬೆಗಳೂ ಹೊಸ ನೆರೆಹೊರೆಯೂ

ನಮ್ಮ ಮಂಗಳೂರು ಕಡೆಯ ಅನೇಕ ಕಥೊಲಿಕ ಕುಟುಂಬಗಳಿಗೆ ಮುಂಬಯಿಯ ಬಾಂದ್ರಾದಲ್ಲಿ ಬಂಧುಗಳಿದ್ದಾರೆ. ರಜೆಗೆ ಊರಿಗೆ ಬಂದವರ ಬಾಯಲ್ಲಿ ಒಂದೇ ದೂರು: ಹಳೆಯ ಬಾಂದ್ರಾ ಹೋಯಿತು, ಹೊರಗಿನವರು ಬಂದು ತುಂಬಿಕೊಂಡರು. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನಾಡುವ ಅಧಿಕಾರ ನಮಗೆಷ್ಟಿದೆಯೆಂದು ಮೊದಲು ವಿಚಾರಿಸಬೇಕಾಗಿದೆ.

ರಾನ್ವಾರ್, ಶೆರ್ಲಿ, ಪಾಲಿ ಮೊದಲಾದವು ಈಸ್ಟ್ ಇಂಡಿಯನ್ ಕ್ರೈಸ್ತರ ಹಳ್ಳಿಗಳಾಗಿದ್ದವು. ಅವರ ಮನೆಮಾತು ಮರಾಠಿಯ ಒಂದು ಬಗೆ. ಗೋವೆಯಿಂದಲೂ ನಮ್ಮ ಕರಾವಳಿಯಿಂದಲೂ ಉದ್ಯೋಗವನ್ನರಸಿ ಹೋದ ಕ್ರೈಸ್ತರು ಹೆಚ್ಚಿದಾಗ, ಅವರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲೆಂದೇ 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಅವರು ಈ ಹೆಸರನ್ನು ತಳೆದರು. ಅಂದರೆ ಆ ಹೆಸರಿನ ಹಿಂದೆಯೇ ನಮ್ಮಂಥ ಹೊಸಬರ ಬಗೆಗಿನ ಆತಂಕವಿತ್ತು. ಆದರೂ ಅವರ ದೇವಾಲಯಗಳಲ್ಲಿ ನಮಗೆ ಸ್ಥಳ ದೊರೆಯಿತು. ಅವರ ಮನೆಗಳಲ್ಲಿ ಬಾಡಿಗೆಗೆ ಕೋಣೆಯೂ ದೊರೆಯಿತು.

ಇಂದಿನ ಹೊಸಬರ ಕೈಯಲ್ಲಿ ಹಣವಿದೆ. ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಬ್ಯಾಂಕುಗಳೂ ವಜ್ರದ ವ್ಯಾಪಾರವೂ ನೆಲೆಯೂರಿದವು. 2009ರಲ್ಲಿ ವರ್ಲಿಗೆ ಸಮುದ್ರ ಸೇತುವೆಯಾಯಿತು. ಭೂಮಿಯ ಬೆಲೆ ಏರಿದಂತೆ ಹಂಚಿನ ಮಾಡಿನ, ಹೊರಮೆಟ್ಟಿಲಿನ ಮನೆಗಳು ಉರುಳಿದವು. ರಾನ್ವಾರಿನ ಕಿರಿದಾದ ಓಣಿಗಳಿಗೆ ಕಾಫಿಗೃಹಗಳು ಬಂದಿವೆ. ಅಲ್ಲಿನ ಓಣಿಯ ಶಿಲುಬೆಗಳಲ್ಲಿ ಅನೇಕವು 1896ರಲ್ಲಿ ಆರಂಭವಾದ ಪ್ಲೇಗಿನ ಕಾಲದಲ್ಲಿ ಜನರು ಮೊರೆಯಿಟ್ಟು ನಿಲ್ಲಿಸಿದವು. ಮೇ ತಿಂಗಳಲ್ಲಿ ನೆರೆಹೊರೆಯವರು ಅವುಗಳ ಮುಂದೆ ಕೂಡಿ ಜಪಸರ ಹೇಳುವ ವಾಡಿಕೆಯುಂಟು. ಕಾರು ನಿಲ್ಲಿಸಲು ಜಾಗ ಹುಡುಕುವವನಿಗಾದರೋ ಅದು ದಾರಿಗಡ್ಡವಾದ ಕಲ್ಲು! ಅವನಿಗೆ ಅದರ ಕಥೆಯನ್ನು ಯಾರೂ ಹೇಳಿಲ್ಲ.

ಕಥೊಲಿಕರಿಗೆ ಮಾತ್ರ ಮೀಸಲಾದ ವಸತಿ ಸಂಘಗಳೇ ಇದಕ್ಕೆ ಮದ್ದೆಂದು ಕೆಲವರು ಹೇಳುತ್ತಾರೆ. ಕಾನೂನು ಅಡ್ಡಬರಲಾರದು. ಅಹಮದಾಬಾದಿನ ಪಾರ್ಸಿ ಸಂಘವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ, ಸದಸ್ಯತ್ವವನ್ನು ಒಂದೇ ಸಮುದಾಯಕ್ಕೆ ಮಿತಿಗೊಳಿಸುವ ಉಪನಿಯಮವನ್ನು ಎತ್ತಿಹಿಡಿದಿದೆ. ಆದರೆ ಮೀನುಮಾಂಸ ತಿನ್ನುವವರಿಗೆ ಮನೆಯಿಲ್ಲವೆಂದು ನಮ್ಮ ಮಕ್ಕಳನ್ನು ಹಿಂದಕ್ಕೆ ಕಳುಹಿಸುವವರೂ ಇದೇ ತರ್ಕವನ್ನಲ್ಲವೇ ಹೂಡುವುದು? ಅವರ ಬಾಗಿಲನ್ನು ಖಂಡಿಸಿ, ಅಂಥದೇ ಬಾಗಿಲನ್ನು ನಾವೂ ಕಟ್ಟಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ.

ಇನ್ನು, ಆ ಮನೆಗಳನ್ನು ಬಿಲ್ಡರುಗಳಿಗೆ ಮಾರಿದವರಾರು? ಅಣ್ಣ ಕೆನಡಾದಲ್ಲಿ, ತಮ್ಮ ಕೊಲ್ಲಿಯಲ್ಲಿ, ಸೋರುವ ಮಾಡಿನ ಕೆಳಗೆ ವೃದ್ಧ ತಾಯಿಯೊಬ್ಬಳೇ. ಹೀಗಿರುವಾಗ ಮಾರಿದವರನ್ನು ದೂರಲಾಗದು. ಆದರೆ ಕರಾರು ಬರೆಯಿಸುವಾಗ ಶಿಲುಬೆಯ ಜಾಗವನ್ನೂ ಹಳೆಯ ಬಾಡಿಗೆದಾರರ ಹಕ್ಕನ್ನೂ ಅದರಲ್ಲಿ ಸೇರಿಸಲು ಅಡ್ಡಿಯೇನು? ಒಪ್ಪಂದದ ಮೊತ್ತಕ್ಕಾಗಿ ತಿಂಗಳುಗಟ್ಟಲೆ ಚರ್ಚಿಸುವವರಿಗೆ ಇದೊಂದು ಸಾಲು ಹೆಚ್ಚಿನದಲ್ಲ.

ಹೊಸ ಕಟ್ಟಡಗಳಲ್ಲಿರುವವರು ಯಾವ ಮತದವರೇ ಆಗಿರಲಿ, ಮೇ ತಿಂಗಳ ಜಪಸರಕ್ಕೆ ಅವರನ್ನು ಬಾಗಿಲಿಗೆ ಹೋಗಿ ಕರೆಯಬೇಕು. ಬಂದವರಿಗೆ ವಾಡಿಕೆಯಂತೆ ಬೇಯಿಸಿದ ಕಡಲೆ ಕೊಟ್ಟು, ಆ ಶಿಲುಬೆ ಅಲ್ಲೇಕೆ ನಿಂತಿದೆಯೆಂದು ತಿಳಿಸಬೇಕು. ಬಾಂದ್ರಾದಲ್ಲಿರುವ ನಮ್ಮ ಬಂಧುಗಳು ಬರುವ ಮೇ ತಿಂಗಳಲ್ಲೇ ಇದನ್ನು ಆರಂಭಿಸಲಿ.