ಹೂದೋಟಕ್ಕೆ ವಿಷ ಹೊಡೆಯುವುದನ್ನು ನಿಲ್ಲಿಸಿ

ಬೇಸಿಗೆ ಬಂತೆಂದರೆ ಬೆಂಗಳೂರಿನ ನರ್ಸರಿಗಳ ಮುಂದೆ ಜನವೋ ಜನ. ಝಿನ್ನಿಯಾ, ಕಾಸ್ಮಾಸ್, ಚೆಂಡುಹೂ, ರತ್ನಗಂಧಿ ಎಲ್ಲವೂ ಕಾರಿನ ಡಿಕ್ಕಿ ಸೇರುತ್ತವೆ. ಸಂತೋಷ. ಆದರೆ ಅವುಗಳ ಪಕ್ಕದಲ್ಲೇ ಕೀಟನಾಶಕದ ಬಾಟಲಿಯೂ ಮನೆಗೆ ಹೋಗುತ್ತದಲ್ಲ, ಅದನ್ನು ಕಂಡು ಹೊಟ್ಟೆ ಉರಿದು ಈ ಮನವಿ ಬರೆಯುತ್ತಿದ್ದೇನೆ. ಜೇನು, ಚಿಟ್ಟೆ ಮೊದಲಿನಷ್ಟು ಕಾಣುತ್ತಿಲ್ಲ ಎಂಬುದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಹೊಗೆ, ಕಾಂಕ್ರೀಟು, ಮೊಬೈಲ್ ಟವರ್ ಎಂದು ಬೈಯಲು ನಮಗೆ ಬೇಕಾದಷ್ಟಿವೆ. ನಮ್ಮದೇ ಕೈಯಲ್ಲಿರುವ ಸ್ಪ್ರೇ ಪಂಪಿನ ಮಾತು ಬಂದಾಗ ಮಾತ್ರ ಎಲ್ಲರ ಬಾಯಿಗೂ ಬೀಗ.

ನಾವಿರುವ ಅಪಾರ್ಟ್‌ಮೆಂಟಿನ ತೋಟದಲ್ಲಿ ಮೊನ್ನೆ ನಡೆದದ್ದು ಹೇಳುತ್ತೇನೆ. ಬಿಸಿಲೇರಿತ್ತು. ತುಳಸಿಯ ಕದಿರು, ಕಾಸ್ಮಾಸ್ ಹೂವಿನ ತುಂಬ ತುಡುವೆ ಜೇನು. ಎಲೆಗೆ ಹುಳ ಬಿದ್ದಿದೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಮಾಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು, ಅರಳಿದ ಹೂವಿನ ಮೇಲೇ ಹೊಡೆದರು. ಮಧ್ಯಾಹ್ನದ ಹೊತ್ತಿಗೆ ಕಲ್ಲುಹಾಸಿನ ಮೇಲೆ ಜೇನ್ನೊಣಗಳು ಅಂಗಾತ ಬಿದ್ದು ಗಿರಗಿರ ತಿರುಗುತ್ತಿದ್ದವು. ನಾಲಿಗೆ ಹೊರಚಾಚಿತ್ತು, ಕಾಲು ನಡುಗುತ್ತಿದ್ದವು. ಹಿಂಗಾಲಿಗೆ ಅಂಟಿದ್ದ ಹಳದಿ ಪರಾಗದ ಉಂಡೆ ಹಾಗೇ ಇತ್ತು. ಸಂಜೆ ಕಸದ ಜೊತೆ ಗುಡಿಸಿ ಹಾಕಿದರು. ಮಾಲಿಯನ್ನು ನಾನು ದೂರುವುದಿಲ್ಲ. ಹೇಳಿ ಹೊಡೆಸಿದವರು ನಾವು, ಅಲ್ಲಿನ ನಿವಾಸಿಗಳು.

ಅಷ್ಟಕ್ಕೂ ಆ ಹುಳ ಯಾವುದು? ಕರಿಬೇವಿನ ಎಲೆ ತಿನ್ನುತ್ತಿದ್ದ ಚಿಟ್ಟೆಮರಿ. ಚಿಕ್ಕದಿದ್ದಾಗ ಹಕ್ಕಿಯ ಹಿಕ್ಕೆ ಎಂದೇ ಕಣ್ಣು ಮೋಸಹೋಗಬೇಕು. ಬೆಳೆದ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ. ಅದರ ಪ್ರತಾಪ ಅಷ್ಟೇ. ತಿಂದ ಎಲೆ ಮತ್ತೆ ಚಿಗುರುತ್ತದೆ. ನಮ್ಮ ರಾಜ್ಯದ ಚಿಟ್ಟೆ ಎಂದು ಹೆಮ್ಮೆಪಡುವ ಸಹ್ಯಾದ್ರಿ ಬರ್ಡ್‌ವಿಂಗ್ ಕೂಡ ಈಶ್ವರಿ ಬಳ್ಳಿಯ ಎಲೆ ತಿಂದೇ ದೊಡ್ಡದಾಗಬೇಕು. ಚಿಟ್ಟೆ ಬೇಕು, ಅದರ ಮರಿ ಬೇಡ ಎಂದರೆ ಹೇಗೆ?

ರೈತ ಸಿಂಪಡಿಸಿದರೆ ಅವನ ಬೆನ್ನಿಗೆ ಸಾಲವಿದೆ, ಬೆಳೆಯಿದೆ, ಮನೆಮಂದಿಯ ಹೊಟ್ಟೆಯಿದೆ. ನಮಗೇನಿದೆ? ಎಲೆಯಲ್ಲಿ ತೂತು ಕಾಣಬಾರದೆಂಬ ಶೋಕಿ. ಶೋಕಿಗಾಗಿ ಕೊಲ್ಲುವುದನ್ನು ನಾನು ಕ್ಷಮಿಸಲಾರೆ. ಹೊಂಗೆ, ಬೇವಿನ ಹೂ ಮುಗಿದು ಮಳೆ ಹಿಡಿಯುವ ತನಕ ಊರೊಳಗೆ ಜೇನಿಗೆ ಆಹಾರ ಕಡಿಮೆ. ಆಗ ನೀರುಂಡ ನಮ್ಮ ತೋಟಕ್ಕೆ ಅವು ಹುಡುಕಿಕೊಂಡು ಬರುತ್ತವೆ. ಊಟಕ್ಕೆ ಕರೆದು, ಎಲೆ ಹಾಕಿ, ವಿಷ ಬಡಿಸಿದ ಹಾಗಾಯಿತು.

‘ಹೂವಿಗೆ ಹೊಡೆದಿಲ್ಲ, ಬುಡಕ್ಕೆ ಹಾಕಿದ್ದು’ ಎನ್ನುವವರಿದ್ದಾರೆ. ಇಮಿಡಾಕ್ಲೋಪ್ರಿಡ್‌ನಂಥ ವಿಷ ಬೇರಿನಿಂದ ರಸದೊಳಗೆ ಏರಿ ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. ಜೇನಿಗೆ ಕೇಡೆಂದು ಐರೋಪ್ಯ ಒಕ್ಕೂಟ 2018ರಲ್ಲಿ ಇದನ್ನು ಬಯಲಿನಲ್ಲಿ ಬಳಸುವುದನ್ನೇ ನಿಷೇಧಿಸಿತು. ನಮ್ಮಲ್ಲಿ ಇಂದಿಗೂ ಅಂಗಡಿಯಲ್ಲಿ ಕೇಳಿದರೆ ಕೈಗೆ ಸಿಗುತ್ತದೆ. ಇತ್ತ ತಾರಸಿಯಲ್ಲಿ ಸೋರೆ, ಕುಂಬಳ ಹಾಕಿದವರು ‘ಹೂ ಬಿಡುತ್ತೆ, ಕಾಯಿ ಕಚ್ಚಲ್ಲ’ ಎಂದು ಅಲವತ್ತುಕೊಂಡು, ಬ್ರಷ್ ಹಿಡಿದು ಹೂವಿಂದ ಹೂವಿಗೆ ಪರಾಗ ಸವರುತ್ತಿದ್ದಾರೆ. ಕಾಯಿ ಕಚ್ಚಿಸುವ ಜೇನನ್ನು ಕೆಳಗಿನ ತೋಟದಲ್ಲಿ ಕೊಲ್ಲಿಸುತ್ತಿರುವವರು ಯಾರು? ಸ್ವಲ್ಪ ಯೋಚಿಸಿ.

ಏನು ಮಾಡಬೇಕೆಂದು ಉದ್ದ ಹೇಳುವುದೇನಿಲ್ಲ. ಸಸ್ಯಹೇನು ಬಂದರೆ ಪೈಪು ಹಿಡಿದು ನೀರಿನಿಂದ ತೊಳೆಯಿರಿ. ತಿನ್ನಲು ಗುಲಗಂಜಿ ಹುಳವಿದೆ, ಅದಕ್ಕೂ ಬದುಕಲು ಬಿಡಿ. ಅಗಲ ತಟ್ಟೆಗೆ ಬೆಣಚುಕಲ್ಲು ಹಾಕಿ ನೀರಿಡಿ. ಮೂಲೆಯ ಎಕ್ಕದ ಗಿಡ ಕೀಳಬೇಡಿ. ಇದಕ್ಕೆಲ್ಲ ದುಡ್ಡು ಬೇಡ, ಮನಸ್ಸು ಬೇಕು. ವಿಷ ನಿಲ್ಲದೆ ಹೋದರೆ ಎಷ್ಟು ಹೂ ನೆಟ್ಟರೂ ಅಷ್ಟೂ ಬಲೆಯೇ.

ಮುಂದಿನ ಸಂಘದ ಸಭೆಯಲ್ಲಿ ತೋಟದ ಖರ್ಚಿನ ಲೆಕ್ಕ ಬಂದಾಗ ಸುಮ್ಮನೆ ತಲೆಯಾಡಿಸಬೇಡಿ, ಕೀಟನಾಶಕದ ಬಾಬತ್ತನ್ನು ಹೊಡೆದುಹಾಕಿಸಿ. ಅಲ್ಲಿಯ ತನಕ ಕಾಯುವುದೂ ಬೇಡ. ಪಂಪು ಹೊತ್ತವರು ಈ ವಾರವೂ ಬರುತ್ತಾರೆ. ಟ್ಯಾಂಕಿನಲ್ಲಿ ಏನಿದೆ, ಯಾರು ಹೇಳಿದ್ದು ಎಂದು ಗೇಟಿನಲ್ಲೇ ಕೇಳಿ, ವಾಪಸು ಕಳಿಸಿ.