ಕೊಲೆಯ ಕತೆಯನ್ನೇ ಏಕೆ ಆರಿಸಿಕೊಂಡರು?

ಚೆನ್ನಾಗಿ ಬರೆಯಬಲ್ಲವರು ಪತ್ತೇದಾರಿ ಕಾದಂಬರಿಗೆ ಕೈಹಾಕಿದರೆ ನಮ್ಮಲ್ಲಿ ಈಗಲೂ ಹುಬ್ಬೇರಿಸುವವರಿದ್ದಾರೆ. ದುಡ್ಡಿಗಾಗಿ ಬರೆದಿರಬೇಕು ಎಂದು ಷರಾ ಬರೆದು ಮುಗಿಸುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ನಲವತ್ತು ದಾಟಿದ ಮೇಲೆ ತೈಲ ಕಂಪನಿಯ ಕೆಲಸ ಕಳೆದುಕೊಂಡ ರೇಮಂಡ್ ಚಾಂಡ್ಲರ್, ಅಗ್ಗದ ಪತ್ರಿಕೆಗಳಿಗೆ ಅಪರಾಧದ ಕತೆ ಬರೆಯತೊಡಗಿದ್ದು ಹೊಟ್ಟೆಪಾಡಿಗೇ. ಆದರೆ ಪಿ. ಡಿ. ಜೇಮ್ಸ್ ಅವರ ವಿಷಯದಲ್ಲಿ ಈ ಉತ್ತರ ಸಾಲದು.

1920ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಈಕೆ ಹದಿಹರೆಯದಲ್ಲೇ ತಾಯಿಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದನ್ನು ಕಂಡವರು, ಹದಿನಾರಕ್ಕೆ ಶಾಲೆ ಬಿಟ್ಟವರು. ವೈದ್ಯರಾಗಿದ್ದ ಗಂಡ ಎರಡನೇ ಮಹಾಯುದ್ಧದ ಸೇವೆ ಮುಗಿಸಿ ಬಂದದ್ದು ಮನೋರೋಗಿಯಾಗಿ. ಅದು ಯುದ್ಧದಿಂದ ಬಂದ ಕಾಯಿಲೆ ಎಂದು ಅಧಿಕಾರಿಗಳು ಒಪ್ಪಲಿಲ್ಲ, ಪಿಂಚಣಿಯೂ ಸಿಗಲಿಲ್ಲ. ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಜೇಮ್ಸ್ ಆಸ್ಪತ್ರೆಗಳ ಆಡಳಿತದಲ್ಲಿ ನೌಕರಿ ಹಿಡಿದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಬರೆದರು. ಮೊದಲ ಕಾದಂಬರಿ ‘ಕವರ್ ಹರ್ ಫೇಸ್’ 1962ರಲ್ಲಿ ಹೊರಬಂತು.

ಪತ್ತೇದಾರಿಯನ್ನೇ ಏಕೆ ಬರೆದಿರಿ ಎಂಬ ಪ್ರಶ್ನೆಗೆ ಅವರು ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದಾರೆ. ಓದುಗಳಾಗಿ ಆ ಪ್ರಕಾರ ಇಷ್ಟವಿತ್ತು. ಪ್ರಕಾಶಕರು ಒಪ್ಪಬಹುದೆಂಬ ನಂಬಿಕೆಯಿತ್ತು. ‘ಗಂಭೀರ’ ಕಾದಂಬರಿ ಬರೆಯುವ ಮುನ್ನ ಕೈ ಪಳಗಲಿ ಎಂಬ ಯೋಚನೆಯೂ ಇತ್ತು. ಬರೆಯುತ್ತ ಹೋದಂತೆ, ಹೇಳಬೇಕಾದ ಗಂಭೀರ ಮಾತನ್ನೆಲ್ಲ ಈ ಚೌಕಟ್ಟಿನೊಳಗೇ ಹೇಳಬಹುದು ಎಂಬುದು ಮನದಟ್ಟಾಯಿತು. ಅಲ್ಲೇ ಉಳಿದರು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಪತ್ತೇದಾರನಿಗಿರುವ ಹಕ್ಕು. ಕೊಲೆಯೊಂದು ನಡೆಯಿತೆಂದರೆ ಅವನು ಯಾವ ಮನೆಯ ಬಾಗಿಲನ್ನಾದರೂ ತಟ್ಟಬಹುದು. ನೆಂಟರೂ ಕೇಳಲಾರದ ಪ್ರಶ್ನೆ ಕೇಳಬಹುದು, ಬೀರುವಿನ ಕಾಗದ ತೆಗೆದು ಓದಬಹುದು. ಗೌರವಸ್ಥರ ನಡುವೆ ಹೂತುಹೋದ ದ್ವೇಷ, ಕಚೇರಿಯ ಅವಮಾನ, ದಾಂಪತ್ಯದ ಸುಳ್ಳು ಎಲ್ಲವೂ ಹೊರಗೆ ಬರುತ್ತವೆ. ಜೇಮ್ಸ್ ಈ ಹಕ್ಕನ್ನು ಕೈಯಲ್ಲಿ ಹಿಡಿದು ತಾವು ಬಲ್ಲ ಜಗತ್ತುಗಳಿಗೇ ನುಗ್ಗಿದರು. 1971ರ ‘ಶ್ರೌಡ್ ಫಾರ್ ಎ ನೈಟಿಂಗೇಲ್’ ನಡೆಯುವುದು ದಾದಿಯರ ತರಬೇತಿ ಶಾಲೆಯಲ್ಲಿ. 1968ರಿಂದ ಬ್ರಿಟಿಷ್ ಗೃಹ ಇಲಾಖೆಯಲ್ಲಿ ದುಡಿದವರು 1977ರಲ್ಲಿ ಬರೆದದ್ದು ವಿಧಿವಿಜ್ಞಾನ ಪ್ರಯೋಗಾಲಯದೊಳಗಿನ ಕೊಲೆಯನ್ನು.

ಕೊನೆಗೆ ಅಪರಾಧಿ ಸಿಕ್ಕು ಎಲ್ಲ ಸರಿಹೋಗುತ್ತದೆ, ಆ ಸಮಾಧಾನಕ್ಕೇ ಇಂಥ ಕತೆ ಹುಟ್ಟುತ್ತದೆ ಎನ್ನುವವರಿದ್ದಾರೆ. ಜೇಮ್ಸ್ ಕೂಡ ಕದಡಿದ ಲೋಕ ಹದಕ್ಕೆ ಬರುವ ಬಗ್ಗೆ ಮಾತಾಡಿದ್ದುಂಟು. ಆದರೆ ಅವರ ಕಾದಂಬರಿಗಳಲ್ಲಿ ತನಿಖೆ ನಿರಪರಾಧಿಗಳನ್ನೂ ಗಾಯಗೊಳಿಸಿಯೇ ಮುಗಿಯುತ್ತದೆ. ಗಂಡನ ಕಾಯಿಲೆಗೆ ತಪ್ಪಿತಸ್ಥರೆಂದು ಬೆರಳು ತೋರಿಸಲು ಅವರ ಬದುಕಿನಲ್ಲಿ ಯಾರೂ ಇರಲಿಲ್ಲ. ಸಾವಿಗೊಂದು ಕಾರಣ ಇರಲೇಬೇಕು, ಅದರ ಸುಳಿವೆಲ್ಲ ಓದುಗರ ಕಣ್ಣೆದುರೇ ಇರಬೇಕು ಎಂದು ಪಟ್ಟುಹಿಡಿಯುವ ಪ್ರಕಾರ ಅಂಥವರನ್ನು ಸೆಳೆದದ್ದು ನನಗೆ ಅರ್ಥವಾಗುತ್ತದೆ.

ನಮ್ಮ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓದಿನ ರುಚಿ ಹಿಡಿಸಿಕೊಂಡ ಕನ್ನಡಿಗರು ಅಸಂಖ್ಯ. ಅವರೇಕೆ ಈ ದಾರಿ ಹಿಡಿದರು, ಕುತೂಹಲವನ್ನು ಹೇಗೆ ಕಟ್ಟುತ್ತಿದ್ದರು ಎಂಬುದನ್ನು ನಮ್ಮ ವಿಮರ್ಶೆ ಆಸ್ಥೆಯಿಂದ ವಿಚಾರಿಸಿದ್ದು ತೀರಾ ಕಡಿಮೆ. 2011ರಲ್ಲಿ ಅವರು ತೀರಿಕೊಂಡರು. ಇನ್ನು ಅವರನ್ನು ಕೇಳಲಾಗದು, ಪುಸ್ತಕಗಳನ್ನು ಕೇಳಬಹುದು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಉಳಿದಿರುವ ಪ್ರತಿಗಳನ್ನಾದರೂ ಒಟ್ಟುಗೂಡಿಸಿ ಆ ಕೆಲಸಕ್ಕೆ ಕೂರಲಿ.