ಕಾಲೇಜಿಗೆ ಬರುವ ಮಕ್ಕಳ ಭಾಷೆಯನ್ನು ಯಾರು ನೋಡುತ್ತಾರೆ?

ಪಿಯುಸಿ ಫಲಿತಾಂಶ ಬಂದು ಅಡ್ಮಿಶನ್‌ನ ಓಡಾಟ ಶುರುವಾದರೆ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಕೇಳಿಬರುತ್ತವೆ. ಯಾವ ಕಾಲೇಜು? ಫೀಸು ಎಷ್ಟು? ಸ್ಕಾಲರ್‌ಶಿಪ್ ಸಿಗುತ್ತದೋ ಇಲ್ಲವೋ? ನಾಲ್ಕನೆಯ ಪ್ರಶ್ನೆಯೊಂದಿದೆ, ಅದನ್ನು ಮನೆಯವರೂ ಕೇಳುವುದಿಲ್ಲ, ಕಾಲೇಜಿನವರೂ ಕೇಳುವುದಿಲ್ಲ. ಅಲ್ಲಿ ಪಾಠ ಮಾಡುವ ಭಾಷೆ ಈ ಮಗುವಿಗೆ ಎಷ್ಟು ಬರುತ್ತದೆ?

ಈ ಪ್ರಶ್ನೆಯ ಬಿಸಿ ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲಿ ಹೆಚ್ಚು. ಸಿಂಧನೂರಿನ ಒಂದು ಕ್ಲಾಸಿನಲ್ಲಿ ಯಾರೆಲ್ಲ ಕೂರುತ್ತಾರೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಬಂದ ಕ್ಯಾಂಪುಗಳ ತೆಲುಗು ಮಕ್ಕಳು, ಪೂರ್ವ ಪಾಕಿಸ್ತಾನದಿಂದ ಬಂದವರಿಗೆ ಸರಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳ ಬಂಗಾಳಿ ಮಕ್ಕಳು, ತಾಂಡಾದ ಲಂಬಾಣಿ ಮಕ್ಕಳು, ಮನೆಯಲ್ಲಿ ದಖ್ಖನಿ ಉರ್ದು ಆಡುವ ಮಕ್ಕಳು, ಹಳ್ಳಿಯ ಕನ್ನಡದ ಮಕ್ಕಳು. ಕರಾವಳಿಯಿಂದ ವ್ಯಾಪಾರಕ್ಕೋ ನೌಕರಿಗೋ ಈ ಕಡೆ ಬಂದವರ ಮನೆಯ ಬ್ಯಾರಿ ಮಗುವೊಂದು ಅದೇ ಕ್ಲಾಸಿನಲ್ಲಿದ್ದರೆ ಅದಕ್ಕೆ ಶಾಲೆಯ ಕನ್ನಡ ಬರುತ್ತದೆ, ಆದರೆ 'ಬರ್ರಿ, ಕೂಡ್ರಿ' ಎನ್ನುವ ಇಲ್ಲಿಯ ಮಾತು ಕಿವಿಗೆ ಹೊಸತು. ಇವರೆಲ್ಲರ ಕೈಯಲ್ಲೂ ಪಿಯುಸಿ ಪಾಸಾದ ಒಂದೇ ತರಹದ ಮಾರ್ಕ್ಸ್ ಕಾರ್ಡ್. ಅದರ ಆಧಾರದ ಮೇಲೆ ಎಲ್ಲರಿಗೂ ಒಂದೇ ಪಾಠ. ಅರ್ಥವಾಗದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಆಮೇಲೆ ಕ್ಲಾಸಿಗೆ ಬರುವುದನ್ನೇ ಬಿಡುತ್ತಾರೆ. ಆಗ ನಾವು 'ಮಗನಿಗೆ ಓದುವುದರಲ್ಲಿ ಮನಸ್ಸಿಲ್ಲ' ಅಂತ ಹೇಳಿ ಅಂಗಡಿಯಲ್ಲಿ ಕೂರಿಸುತ್ತೇವೆ. ಹೆಣ್ಣುಮಕ್ಕಳಾದರೆ ಮದುವೆಯ ಮಾತು ಶುರು.

ಮಕ್ಕಳ ಭಾಷೆ ಬೇರೆ ಬೇರೆ ಮಟ್ಟದ್ದು ಎಂಬುದು ವಿಶ್ವವಿದ್ಯಾನಿಲಯಗಳಿಗೆ ಗೊತ್ತಿಲ್ಲದ ವಿಷಯವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂದು ಎರಡು ಪಠ್ಯಗಳನ್ನು ಮಾಡಿದೆ. 2021ರ ಆಗಸ್ಟ್‌ನಲ್ಲಿ ಸರಕಾರ ಪದವಿ ತರಗತಿಗೆ ಕನ್ನಡ ಕಡ್ಡಾಯ ಮಾಡಿದಾಗಲೂ ಶಾಲೆಯಲ್ಲಿ ಕನ್ನಡ ಓದದವರಿಗೆ ಬೇರೆ ಹಂತದ ಪಾಠದ ಮಾತು ಇತ್ತು. ವಿಷಯ ಹೈಕೋರ್ಟಿಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ಬಂದ ಮಧ್ಯಂತರ ಆದೇಶದಿಂದ ಆ ಕಡ್ಡಾಯ ನಿಂತಿತು. ಕಡ್ಡಾಯ ಬೇಕೋ ಬೇಡವೋ ಎಂಬ ಜಗಳ ದೊಡ್ಡದಾಯಿತು. ಯಾವ ಮಗುವಿಗೆ ಯಾವ ಹಂತ ಎಂದು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಕನ್ನಡ ಪರೀಕ್ಷೆ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಸಿಇಟಿಯದ್ದು. ಮಂಜೇಶ್ವರ, ಕಾಸರಗೋಡು, ಹೊಸದುರ್ಗದ ಗಡಿನಾಡ ಕನ್ನಡಿಗರು ಆ ಕೋಟಾದಲ್ಲಿ ಕರ್ನಾಟಕದ ಸೀಟು ಕೇಳುವಾಗ ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿಯ ಮಟ್ಟದ ಪರೀಕ್ಷೆ, 50ಕ್ಕೆ 12 ಅಂಕ ಬಂದರೆ ಸಾಕು. ಆ ಕಡೆ ಸಂಬಂಧಿಕರಿರುವವರು ಬ್ರೋಶರನ್ನು ಪೂರ್ತಿ ಓದಿಸಿ, ತಾಯ್ನುಡಿ ಮತ್ತು ಓದಿದ ಶಾಲೆಯ ಬಗ್ಗೆ ಇರುವ ನಿಯಮವನ್ನು ಮೊದಲೇ ನೋಡಿಕೊಳ್ಳಿ. ಆದರೆ ಅದು ಗೇಟಿನ ಪರೀಕ್ಷೆ. ಒಳಗೆ ಬಿಡುವುದೋ ಬೇಡವೋ ಅಂತ ನೋಡುವಂಥದ್ದು. ನಾವು ಕೇಳುತ್ತಿರುವುದು ಒಳಗೆ ಬಂದ ಮೇಲಿನ ಮಾತು. ಸೀಟು ಸಿಕ್ಕಿದ ಮಗುವನ್ನು ಯಾವ ಪಾಠದಿಂದ ಶುರು ಮಾಡಿಸಬೇಕು ಅಂತ ನೋಡುವ ಪರೀಕ್ಷೆ. ಇದರಲ್ಲಿ ಪಾಸು ಫೇಲು ಎಂಬುದೇ ಇಲ್ಲ.

ಈ ಎರಡನೆಯ ತರಹದ್ದು ಮದ್ರಸಾದಲ್ಲಿ ಓದಿದ ಎಲ್ಲರಿಗೂ ಗೊತ್ತು. ಬೇರೆ ಜಮಾಅತ್‌ನಿಂದ ಮಗುವನ್ನು ಕರಕೊಂಡು ಬಂದರೆ ಉಸ್ತಾದರು ವಯಸ್ಸು ಕೇಳಿ ಕ್ಲಾಸಿಗೆ ಹಾಕುವುದಿಲ್ಲ. ಎದುರಿಗೆ ಕೂರಿಸಿ ನಾಲ್ಕು ಸಾಲು ಓದಿಸುತ್ತಾರೆ. ಅಕ್ಷರ ಕೂಡಿಸಿ ಓದುತ್ತದೋ, ತಜ್‌ವೀದ್ ಎಷ್ಟು ಬರುತ್ತದೆ ಎಂದು ಕಿವಿಗೊಟ್ಟು ಕೇಳಿ, ಅಲ್ಲಿಂದ ಪಾಠ ಶುರು. ಹತ್ತು ವರ್ಷದ ಹುಡುಗ ಎರಡನೇ ಕ್ಲಾಸಿನಲ್ಲಿ ಕೂತರೆ ಯಾರೂ ನಗುವುದಿಲ್ಲ, ಕಲಿತ ಕೂಡಲೇ ಮೇಲಿನ ಕ್ಲಾಸಿಗೆ ಕಳಿಸುತ್ತಾರೆ. ಐದು ನಿಮಿಷದ ಈ ಕೆಲಸ ಕಾಲೇಜಿನಲ್ಲಿ ಆಗದೆ ಇರಲು ಕಾರಣವಿಲ್ಲ. ಮಲೇಷ್ಯಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸೇರುವವರಿಗೆ ಇಂಗ್ಲಿಷ್ ಮತ್ತು ಅರಬಿಯಲ್ಲಿ ಇಂಥ ಮಟ್ಟ ನೋಡುವ ಪರೀಕ್ಷೆಯಿದೆ. ಕಡಿಮೆ ಬಂದವರು ಮೊದಲು ಭಾಷೆ ಕಲಿಯುತ್ತಾರೆ.

ಇದನ್ನು ಕೇಳಿ ಕೆಲವು ತಂದೆ ತಾಯಂದಿರಿಗೆ ಹೆದರಿಕೆಯಾಗಬಹುದು. 'ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಅಂತ ಬರೆದು ಮುದ್ರೆ ಹೊಡೆದರೆ?' ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಸರಿಯಾಗಿ ಮಾಡದಿದ್ದರೆ ಉರ್ದು ಮೀಡಿಯಂನವರೆಲ್ಲ ಒಂದು ಕೋಣೆ, ಉಳಿದವರೆಲ್ಲ ಇನ್ನೊಂದು ಕೋಣೆ ಎಂದು ಆಗಿಬಿಡಬಹುದು. ಅದಕ್ಕೇ ನಾಲ್ಕು ಶರತ್ತುಗಳನ್ನು ಈಗಲೇ ಹೇಳಿಬಿಡುತ್ತೇವೆ. ಪರೀಕ್ಷೆ ಎಲ್ಲರಿಗೂ ಇರಲಿ, ಹೆಸರು ನೋಡಿ, ಮೀಡಿಯಂ ನೋಡಿ ಕೆಲವರಿಗೆ ಮಾತ್ರ ಬೇಡ. ಕನ್ನಡದ್ದೂ ಇರಲಿ, ಇಂಗ್ಲಿಷಿನದ್ದೂ ಇರಲಿ, ಯಾಕೆಂದರೆ ಕನ್ನಡ ಮೀಡಿಯಂನಲ್ಲಿ ಓದಿ ಬಿಕಾಂ, ಬಿಎಸ್ಸಿಗೆ ಬರುವ ಹಳ್ಳಿಯ ಮಗುವಿಗೆ ಇಂಗ್ಲಿಷಿನಲ್ಲಿ ಇದೇ ಕಷ್ಟವಿದೆ. ಅಂಕ ಮಾರ್ಕ್ಸ್ ಕಾರ್ಡಿಗೆ ಹೋಗಬಾರದು. ಮೂರು ತಿಂಗಳ ನಂತರ ಮತ್ತೆ ನೋಡಿ, ಕಲಿತವರನ್ನು ಮುಂದಕ್ಕೆ ಕಳಿಸಬೇಕು.

ಇಷ್ಟು ಒತ್ತಾಯ ಯಾಕೆ ಎಂದರೆ, ಕಾಲೇಜಿನಲ್ಲಿ ತಪ್ಪಿಸಿಕೊಂಡ ಕನ್ನಡ ನೌಕರಿಯ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತದೆ. ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ದೊಡ್ಡ ಅವಕಾಶ ಸಿಕ್ಕಿದೆ. ಈ ಭಾಗದ ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೇ ಮೀಸಲು. ಆದರೆ 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ನೇಮಕಾತಿಗೆ ಅರ್ಜಿ ಹಾಕಿದವರನ್ನು ಕೇಳಿ ನೋಡಿ. 150 ಅಂಕದ ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 50 ಅಂಕ ಬಾರದಿದ್ದರೆ ಉಳಿದ ಪೇಪರಿನಲ್ಲಿ ಎಷ್ಟು ಬಂದರೂ ಪ್ರಯೋಜನವಿಲ್ಲ. 371(ಜೆ) ಸರ್ಟಿಫಿಕೇಟ್ ಕೈಯಲ್ಲಿದ್ದೂ ಒಂದು ಅರ್ಜಿ ತಪ್ಪಿಲ್ಲದೆ ಬರೆಯಲು ಬಾರದಿದ್ದರೆ ಆ ಮೀಸಲಾತಿ ಯಾರ ಪಾಲಿಗೆ?

ಈ ಸೀಮೆಗೆ ಇದು ಹೊಸ ಕಥೆಯೂ ಅಲ್ಲ. ರಾಯಚೂರು ಜಿಲ್ಲೆ ನಿಝಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪಾಠವೂ ಉರ್ದುವಿನಲ್ಲಿ. ಆಗ ಕನ್ನಡದ ಮನೆಯ ಮಗು ಉರ್ದು ಕಲಿಯದೆ ಮೇಲೆ ಹೋಗುವಂತಿರಲಿಲ್ಲ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾಗಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಚಕ್ರ ತಿರುಗಿತು. ಅಂದು ಅವರ ಮಕ್ಕಳು ಪಟ್ಟ ಕಷ್ಟವನ್ನು ಇಂದು ಉರ್ದು ಮನೆಯ ಮಕ್ಕಳು ಪಡುತ್ತಿದ್ದಾರೆ. ಎರಡೂ ಕಾಲದಲ್ಲಿ ಗೆದ್ದವರು ಕಲಿತವರೇ. ಪ್ರವಾದಿ(ಸ.ಅ.)ಯವರು ಯಹೂದಿಗಳ ಬರಹ ಕಲಿಯಲು ಝೈದ್ ಬಿನ್ ಸಾಬಿತ್(ರ.)ರಿಗೆ ಹೇಳಿದ್ದು, ಅವರು ಅರ್ಧ ತಿಂಗಳೊಳಗೆ ಕಲಿತದ್ದು ಹದೀಸಿನಲ್ಲಿ ಬಂದಿದೆ. ಪರರ ಭಾಷೆ ಕಲಿತರೆ ನಮ್ಮದು ಹೋಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು. ಬ್ಯಾರಿ ಭಾಷೆ ಮನೆಯಲ್ಲಿ ಇದ್ದೇ ಇರುತ್ತದೆ. ಉಮ್ಮನ ಮಾತು ಕನ್ನಡ ಕಲಿತ ಮಾತ್ರಕ್ಕೆ ಮರೆಯುವಂಥದ್ದಲ್ಲ.

ಹಾಗಾದರೆ ಏನು ಮಾಡಬೇಕು? ಕಾಲೇಜುಗಳಿಗೆ ನಮ್ಮ ಕೋರಿಕೆ ಸಣ್ಣದು. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುವ ಕಾಲೇಜುಗಳಿಗೆ ಹೊರೆ ಹೇರುವ ಮನಸ್ಸು ನಮಗಿಲ್ಲ. ಮೊದಲ ವಾರದ ಒಂದು ಶನಿವಾರ ಸಾಕು. ಪತ್ರಿಕೆಯ ಒಂದು ಪ್ಯಾರಾ ಓದಿಸಿ, ಒಂದು ರಜೆ ಅರ್ಜಿ ಬರೆಸಿ, ಎರಡು ಮಾತು ಆಡಿಸಿ. ಹಿಂದೆ ಉಳಿದವರಿಗೆ ವಾರಕ್ಕೆ ಎರಡು ತಾಸು ಹೆಚ್ಚಿನ ಪಾಠ ಕೊಡಿ. ರಾಯಚೂರಿನ ವಿಶ್ವವಿದ್ಯಾನಿಲಯ ಇದಕ್ಕೆ ಒಂದು ಸುತ್ತೋಲೆ ಹೊರಡಿಸಿದರೆ ಮೂರೂ ತಾಲೂಕುಗಳ ಕಾಲೇಜುಗಳಿಗೆ ದಾರಿಯಾಗುತ್ತದೆ.

ಜಮಾಅತ್ ಕಮಿಟಿಗಳಿಗೂ ಕೆಲಸವಿದೆ. ಬೆಳಗ್ಗೆ ಮದ್ರಸಾ ಬಿಟ್ಟ ಮೇಲೆ ಕೋಣೆಗಳು ಖಾಲಿ ಇರುತ್ತವೆ. ಊರಿನ ನಿವೃತ್ತ ಕನ್ನಡ ಮೇಷ್ಟ್ರನ್ನು, ಅವರು ಯಾವ ಜಾತಿಯವರೇ ಇರಲಿ, ಗೌರವದಿಂದ ಕರೆದು ಮಗ್ರಿಬ್ ಆದ ನಂತರ ಒಂದು ತಾಸು ಪಾಠ ಮಾಡಿಸಿ. ಹೆಣ್ಣುಮಕ್ಕಳಿಗೆ ಅಸರ್‌ಗೆ ಮೊದಲು ಸಮಯ ಇಡಿ. ಉರೂಸು, ಸನ್ಮಾನ, ಶಾಮಿಯಾನಾಕ್ಕೆ ಖರ್ಚಾಗುವ ಹಣದಲ್ಲಿ ಸ್ವಲ್ಪ ಇದಕ್ಕೆ ಸಾಕು.

ತಂದೆ ತಾಯಂದಿರಲ್ಲಿ ಒಂದೇ ಮಾತು. ಅಂಕ ಸುಲಭವಾಗಿ ಬರುತ್ತದೆ ಎಂದು ಕನ್ನಡ ಬರುವ ಮಗುವಿಗೆ 'ಬರುವುದಿಲ್ಲ' ಎಂದು ಬರೆಸಬೇಡಿ. ನಾಚಿಕೆಯಾಗುತ್ತದೆ ಎಂದು ಬಾರದ ಮಗುವಿಗೆ 'ಬರುತ್ತದೆ' ಎಂದೂ ಬರೆಸಬೇಡಿ. ಅಡ್ಮಿಶನ್ ಫಾರ್ಮ್ ತುಂಬುವ ಮೊದಲು ಈ ಪತ್ರಿಕೆಯ ಯಾವುದಾದರೂ ಒಂದು ಸುದ್ದಿಯನ್ನು ಮಗನ, ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ಅರ್ಥ ಕೇಳಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಕಲಿಸಲು ಕಾಲೇಜಿಗೆ ಹೇಳಿ. ಫೀಸು ಕೇಳುವ ಹಾಗೆ ಇದನ್ನೂ ಕೇಳುವ ಹಕ್ಕು ನಮಗಿದೆ.